ಇಬ್ಬರೂ ಒಪ್ಪಿದ ಒಂದೇ ಮಾತು

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದವರು ಯಾರೋ ಗೊತ್ತಿಲ್ಲ. ಆದರೆ ಅವರ ಮನೆಯಲ್ಲೂ ಒಬ್ಬ ಭಾವ, ಒಬ್ಬ ಭಾವಮೈದುನ ಇದ್ದಿರಲೇಬೇಕು. ಡ್ರೈವರಕ್ಕನ ಮನೆಯಲ್ಲಂತೂ ಇದ್ದರು. ಭಾವನೆಂದರೆ ಅವಳ ಗಂಡ. ಪಂಪು, ಜನರೇಟರು, ಎಂಜಿನ್ನು ರಿಪೇರಿ ಮಾಡುವ ಶೆಡ್ಡಿನ ಯಜಮಾನ. ಭಾವಮೈದುನ ಅವಳ ಬೆನ್ನಿಗೆ ಹುಟ್ಟಿದ ತಮ್ಮ. ಮನೆಗಳ ಮೇಲೆ ಸೋಲಾರ್ ಪ್ಯಾನಲ್ ಕೂರಿಸುವುದು ಅವನ ಕೆಲಸ. ತಮ್ಮ ಭಾವನಿಗೆ 'ಗುಡುಗುಡಿ' ಎಂದು ಹೆಸರಿಟ್ಟಿದ್ದ. ಭಾವ ಸಾಲ ಉಳಿಸಿಕೊಳ್ಳುವ ಪೈಕಿಯಲ್ಲ, ಅವನನ್ನು 'ಬಿಸಿಲುಗುದುರೆ' ಎಂದು ಕರೆದ. ಈ ಎರಡು ಹೆಸರೂ ಬೀದಿಗೆಲ್ಲ ಹಬ್ಬಿ, ಈಗ ಇಬ್ಬರ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತು.

ಇವರಿಬ್ಬರ ನಡುವೆ ಸಿಕ್ಕವಳು ಶಾಲೆಯ ಬಸ್ಸು ಓಡಿಸುವವಳು. ಬಸ್ಸಿನ ಮಕ್ಕಳು ಡ್ರೈವರಕ್ಕ ಎಂದರು, ಊರೂ ಹಾಗೇ ಅಂದಿತು. ಮೂವತ್ತು ಮಕ್ಕಳ ಕೂಗಾಟವನ್ನು ಒಂದು ಕೆಮ್ಮಿನಿಂದ ಅಡಗಿಸಬಲ್ಲ ಹೆಂಗಸು ಮನೆಯಲ್ಲಿ ಈ ಇಬ್ಬರನ್ನು ಅಡಗಿಸಲಾರದೆ ಸೋತಿದ್ದಳು. ಬೆಳಗಿನ ಚಹಾಕ್ಕೆ ಸಕ್ಕರೆ ಎಷ್ಟು ಎಂಬಲ್ಲಿ ಶುರುವಾದ ವಾದ ಮಧ್ಯಾಹ್ನದ ಹೊತ್ತಿಗೆ ಭೂಮಿಯ ಭವಿಷ್ಯಕ್ಕೆ ಮುಟ್ಟುತ್ತಿತ್ತು. ಇಬ್ಬರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ದಾರಿ ಇರುತ್ತಿತ್ತು. ಇಬ್ಬರೂ ಒಳ್ಳೆಯವರು, ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಇಬ್ಬರೂ ತಪ್ಪದೆ ಪ್ರೀತಿಸುತ್ತಿದ್ದುದು ಡ್ರೈವರಕ್ಕನ ಅಮ್ಮನನ್ನು. ಅಮ್ಮ ನೂಲಿನ ಗಿರಣಿಯಲ್ಲಿ ದುಡಿದು ಇಬ್ಬರು ಮಕ್ಕಳನ್ನು ಸಾಕಿದವಳು. ಗಿರಣಿಯ ಹತ್ತಿಯ ಧೂಳು ಅವಳ ಎದೆಯೊಳಗೆ ಮನೆ ಮಾಡಿಕೊಂಡು, ಈಗ ಬಾಡಿಗೆಯನ್ನೂ ಕೊಡದೆ ಕೂತಿತ್ತು. ಮೂಗಿನ ಕೆಳಗೆ ಒಂದು ತೆಳ್ಳನೆಯ ನಳಿಗೆ, ನಳಿಗೆಯ ಆ ತುದಿಗೆ ಆಕ್ಸಿಜನ್ ಮೆಷಿನ್ನು. ಗೋಡೆಯ ಪ್ಲಗ್ಗಿನಿಂದ ಕರೆಂಟು ತಗೊಂಡು, ಗಾಳಿಯಿಂದ ಆಮ್ಲಜನಕ ಸೋಸಿ, ಗುಂಯ್‌ಗುಟ್ಟುತ್ತ ಕೊಡುವ ಯಂತ್ರ ಅದು. ನಳಿಗೆ ಎಷ್ಟು ಉದ್ದವೋ ಅಮ್ಮನ ಲೋಕ ಅಷ್ಟು ದೊಡ್ಡದು: ಹಾಸಿಗೆ, ಬಚ್ಚಲು, ಅಡುಗೆಮನೆಯ ಬಾಗಿಲು. ಊಟಕ್ಕೋ ಸ್ನಾನಕ್ಕೋ ಸ್ವಲ್ಪ ಹೊತ್ತು ತೆಗೆದರೆ ತಡೆದುಕೊಳ್ಳುತ್ತಾಳೆ, ಅದಕ್ಕಿಂತ ಹೆಚ್ಚಾದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಮೂವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

ಅಂಥ ಅಮ್ಮ ಒಂದು ದಿನ ಸುಮ್ಮನೆ, ಯಾರನ್ನೂ ಕೇಳುವವಳಂತಲ್ಲದೆ, "ಒಂದ್ಸಲ ದೊಡ್ಡ ನೀರು ನೋಡ್ಬೇಕಿತ್ತು ಕಣೇ. ಆಚೆ ದಡ ಕಾಣದೇ ಇರೋ ಅಂಥ ನೀರು" ಎಂದಳು.

ಅಷ್ಟು ಸಾಕಾಯಿತು. ಶಾಲೆಯವರು ಮೂಲೆಗೆ ನೂಕಿದ್ದ ಒಂದು ಹಳೆಯ ಮಿನಿ ಬಸ್ಸನ್ನು ಡ್ರೈವರಕ್ಕ ಮನೆಗೆ ತಂದಳು. ಸೀಟು ಕಿತ್ತು ಮಂಚ ಹಾಕಿದರು, ಒಲೆ ಕೂರಿಸಿದರು, ಅಮ್ಮ ಮಲಗಿದಲ್ಲಿಂದಲೇ ಎರಡೂ ಕಡೆ ಹೊರಗೆ ಕಾಣುವಂತೆ ತಲೆಯ ಹತ್ತಿರ ಒಂದೊಂದು ಕಿಟಕಿ ಉಳಿಸಿಕೊಂಡರು. ಬಸ್ಸು ಮನೆಗಾಡಿಯಾಯಿತು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಆ ದೊಡ್ಡ ನೀರಿನ ದಂಡೆಯಲ್ಲಿ ಕರೆಂಟಿಲ್ಲ, ಕಂಬವಿಲ್ಲ, ಹತ್ತಿರದಲ್ಲಿ ಮನೆಯೂ ಇಲ್ಲ. ಅಮ್ಮನ ಮೆಷಿನ್ನು ಯಾವುದರ ಮೇಲೆ ನಡೆಯಬೇಕು?

"ಸೋಲಾರ್" ಎಂದ ತಮ್ಮ. "ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಸುರಿಯೋ ತಲೆನೋವಿಲ್ಲ. ಹಗಲೆಲ್ಲ ಬಿಸಿಲು ಬ್ಯಾಟರಿ ತುಂಬಿಸತ್ತೆ, ರಾತ್ರಿಯೆಲ್ಲ ಬ್ಯಾಟರಿ ಅಮ್ಮನ್ನ ನೋಡ್ಕೊಳತ್ತೆ."

"ಮೋಡ ಬಂದ್ರೆ ಏನ್ಮಾಡ್ತೀಯಪ್ಪಾ? ಸೂರ್ಯನಿಗೆ ಫೋನ್ ಮಾಡ್ತೀಯಾ?" ಎಂದ ಗುಡುಗುಡಿ. "ಜನರೇಟರ್ ಇದ್ರೆ ಮೋಡ ಬರ್ಲಿ, ಮಳೆ ಬರ್ಲಿ, ಬಟನ್ ಒತ್ತಿದ್ರೆ ಕರೆಂಟು."

"ಹೌದೌದು, ಅದರ ಸದ್ದಿಗೆ ಅಮ್ಮ ಆಕ್ಸಿಜನ್ ಬೇಡ, ಹತ್ತಿ ಕೊಡ್ರಪ್ಪಾ ಕಿವಿಗೆ ಅಂತಾರೆ. ಹೊಗೆ ಬೇರೆ. ಉಸಿರಿಗೆ ತೊಂದ್ರೆ ಇರೋರ ಪಕ್ಕ ಹೊಗೆ ಬಿಡೋ ಬುದ್ಧಿ ನಿಮಗಲ್ಲದೆ ಇನ್ಯಾರಿಗೆ ಬರುತ್ತೆ ಭಾವ?"

ಇದು ಗಂಡನಿಗೆ ನಾಟಿತು. ಅವನು ಜನರೇಟರಿಗೆ ಒಂದು ಮರದ ಪೆಟ್ಟಿಗೆ ಮಾಡಿ, ಒಳಗೆಲ್ಲ ಬೆಂಕಿ ಹಿಡಿಯದ ದಪ್ಪ ಹೊದಿಕೆ ಹೊಡೆದು, ಹೊಗೆ ಗಾಳಿಯ ಆಚೆಗೆ ಹೋಗುವಂತೆ ಕೊಳವೆ ಎಳೆದ. ಗಾಡಿಯಿಂದ ಸಾಕಷ್ಟು ದೂರ ಇಡಲು ಉದ್ದನೆಯ ಕೇಬಲ್ ಜೋಡಿಸಿದ. "ನೀರಿನ ದಂಡೇಲಿ ನಿಂತು ಇದರ ಸದ್ದು ಕೇಳಿಸ್ತು ಅಂದ್ರೆ ಮೀಸೆ ಬೋಳಿಸ್ಕೊತೀನಿ" ಎಂದು ಸಾರಿದ. ತಮ್ಮ ಆ ಮೀಸೆಯ ಕಡೆ ಕನಿಕರದಿಂದ ನೋಡಿದ.

ಕೊನೆಗೆ ಡ್ರೈವರಕ್ಕನೇ ಗದರಿಸಿ ತೀರ್ಪು ಕೊಟ್ಟಳು. ಎರಡೂ ಇರಲಿ. ಮೊದಲು ಸೋಲಾರ್ ಬ್ಯಾಟರಿಯ ಮೇಲೆ ಮೆಷಿನ್ನು ನಡೆಯಬೇಕು. ಬ್ಯಾಟರಿ ಇಳಿದುಹೋದರೆ ಜನರೇಟರು ತಾನಾಗಿ ಶುರುವಾಗಬೇಕು. ಅದಕ್ಕೆ ಬೇಕಾದ ಸ್ವಿಚ್ಚಿನ ಪೆಟ್ಟಿಗೆಯನ್ನು ಭಾವ-ಭಾವಮೈದುನ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಸೇರಿ ಮಾಡಿದರು. ಚೆನ್ನಾಗಿಯೇ ಮಾಡಿದರು, ಹಲವು ಸಲ ಪರೀಕ್ಷಿಸಿಯೂ ನೋಡಿದರು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಆದರೂ ಅವಳು ಆಸ್ಪತ್ರೆಯಿಂದ ಒಂದು ಪುಟ್ಟ ಆಮ್ಲಜನಕದ ಸಿಲಿಂಡರನ್ನು ಕೇಳಿ ತಂದು ಮಂಚದ ಕೆಳಗಿಟ್ಟಳು. "ನಮ್ಮ ಮೇಲೆ ಇಷ್ಟು ನಂಬಿಕೆ ಇಲ್ವಾ?" ಎಂದು ಇಬ್ಬರೂ ನಕ್ಕರು. ಆ ಒಂದು ಸಲ ಮಾತ್ರ ಇಬ್ಬರೂ ಒಂದೇ ಕಡೆ ನಿಂತು ನಕ್ಕಿದ್ದು.

ತೀರ್ಪೇನೋ ಆಯಿತು, ಆದರೆ ಜಗಳ ಹೋಗಲಿಲ್ಲ, ಪಂದ್ಯವಾಗಿ ವೇಷ ಹಾಕಿಕೊಂಡು ಬಂತು. ಈ ಪ್ರವಾಸದಲ್ಲಿ ಯಾರ ಕರೆಂಟು ಕೈಕೊಡುತ್ತದೋ ಅವನು ವಾಪಸು ಬಂದು, ಬೀದಿಯವರ ಮುಂದೆ ತನ್ನ ಸಾಮಾನನ್ನು ಗಾಡಿಯಿಂದ ಕಳಚಿ, 'ನೀನು ಹೇಳಿದ್ದೇ ಸರಿ' ಎನ್ನಬೇಕು. ಇಬ್ಬರ ಪಾಲಿಗೂ ಅದಕ್ಕಿಂತ ಊರು ಬಿಡುವುದು ವಾಸಿ.

*

ದೊಡ್ಡ ನೀರು ನಿಜಕ್ಕೂ ದೊಡ್ಡದಾಗಿತ್ತು. ಡ್ರೈವರಕ್ಕ ಗಾಡಿಯನ್ನು ದಂಡೆಯ ಮೇಲಿನ ದಿಬ್ಬದಲ್ಲಿ ನಿಲ್ಲಿಸಿ, ಅಮ್ಮನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಾಗ ಅಮ್ಮ ನೀರಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ, "ಆಚೆ ದಡ ಇಲ್ಲ ಅಲ್ವೇನೇ?" ಎಂದು ಕೇಳಿದಳು.

"ಇದೆಯಮ್ಮ. ನಮಗೆ ಕಾಣಲ್ಲ ಅಷ್ಟೇ."

"ಕಾಣದೇ ಇದ್ರೇ ಚೆಂದ ಬಿಡು" ಎಂದಳು ಅಮ್ಮ.

ಮೊದಲ ದಿನ ಏನೂ ಆಗಲಿಲ್ಲ. ಪ್ಯಾನಲ್‌ಗಳನ್ನು ಗಾಡಿಯ ಎಡಗಡೆ ಬಿಸಿಲಿಗೆ ಒರಗಿಸಿದ್ದರು. ಬಲಗಡೆ, ಕೇಬಲ್ ಮುಟ್ಟುವಷ್ಟು ದೂರದಲ್ಲಿ ಜನರೇಟರಿನ ಪೆಟ್ಟಿಗೆ ಕೂತಿತ್ತು. ಬಿಸಿಲು ಚೆನ್ನಾಗಿತ್ತು, ಬ್ಯಾಟರಿ ರಾತ್ರಿಯನ್ನು ದಾಟಿಸಿತು. ಬೆಳಿಗ್ಗೆ ತಮ್ಮನ ಮುಖದಲ್ಲಿ ಸೂರ್ಯನೇ ಮೂಡಿದ್ದ. ಗಂಡನ ಮುಖ ಹಳೆಯ ಕಾರ್ಬ್ಯುರೇಟರಿನಂತೆ ಕಪ್ಪಿಟ್ಟಿತ್ತು. ತಮ್ಮ ಸುಮ್ಮನಿರುವ ಗಿರಾಕಿಯಲ್ಲ. ಹಲ್ಲುಜ್ಜುತ್ತ, "ಭಾವ, ನಿಮ್ಮ ಪೆಟ್ಟಿಗೆ ಚೆನ್ನಾಗಿದೆ. ಮನೆಗೆ ಹೋದ್ಮೇಲೆ ಅದರೊಳಗೆ ಕೋಳಿ ಸಾಕಬಹುದು" ಎಂದ.

ಗಂಡ ಏನೂ ಹೇಳಲಿಲ್ಲ. ಅದೇ ಡ್ರೈವರಕ್ಕನಿಗೆ ವಿಚಿತ್ರವೆನಿಸಿತು. ಅದಕ್ಕಿಂತ ವಿಚಿತ್ರವೆಂದರೆ ತಿಂಡಿಯಾದ ಮೇಲೆ ಗಂಡನೇ, "ಬಾರಯ್ಯ, ಆ ಕಡೆ ಬಂಡೆ ಹತ್ರ ಮೀನು ಹಿಡಿಯೋಣ" ಎಂದು ತಮ್ಮನನ್ನು ಕರೆದದ್ದು. ತಮ್ಮ, "ನಾನೂ ಅದೇ ಹೇಳೋಣ ಅಂತಿದ್ದೆ ಭಾವ" ಎಂದು ಗಾಳ ಎತ್ತಿಕೊಂಡು ಹೊರಟೇಬಿಟ್ಟ. ಭಾವ ಒಂದು ಹೆಜ್ಜೆ ಹಿಂದೆ ಬಿದ್ದರೆ ತಮ್ಮ ನಿಂತು ಕಾದ. ತಮ್ಮ ಗಾಡಿಯ ಕಡೆ ತಿರುಗಿದರೆ ಭಾವ ಅವನ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಹೊಸ ಮದುಮಕ್ಕಳಂತೆ ಇಬ್ಬರೂ ಇಳಿಜಾರಿನಲ್ಲಿ ಮರೆಯಾದರು.

"ನೋಡಮ್ಮ, ನೀನು ಬಂದಿದ್ದಕ್ಕೆ ಇಬ್ರಿಗೂ ಬುದ್ಧಿ ಬಂತು" ಎಂದಳು ಡ್ರೈವರಕ್ಕ.

ಅಮ್ಮ ಕಿಟಕಿಯಿಂದ ಕಣ್ಣು ತೆಗೆಯದೆ, "ಹೂಂ. ಒಂದಾಗಿದ್ದಾರೆ" ಎಂದಳು.

ಡ್ರೈವರಕ್ಕ ಅಮ್ಮನ ತಲೆ ಬಾಚಿ ಜಡೆ ಹಾಕಿದಳು. ಅಮ್ಮ ಮಗಳ ಕೈಯನ್ನು ಹಿಡಿದು, ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಅಮ್ಮ ಅಂಥ ಲಲ್ಲೆಯವಳಲ್ಲ. ಗಾಳಿ ಬದಲಾದದ್ದು ಒಳ್ಳೆಯದೇ ಆಯಿತು ಎಂದುಕೊಂಡಳು ಮಗಳು. "ಬಟ್ಟೆ ಒಗೆದುಕೊಂಡು ಬರ್ತೀನಿ. ಏನಾದ್ರೂ ಬೇಕಾದ್ರೆ ಈ ಗಂಟೆ ಅಲ್ಲಾಡಿಸು, ಕೆಳಗಡೆಯೇ ಇರ್ತೀನಿ" ಎಂದು ಹಿತ್ತಾಳೆಯ ಗಂಟೆಯೊಂದನ್ನು ಅಮ್ಮನ ಕೈಗೆ ಕೊಟ್ಟಳು.

"ಹೋಗಮ್ಮ. ಅವಸರ ಇಲ್ಲ, ನಿಧಾನವಾಗಿ ಬಾ" ಎಂದಳು ಅಮ್ಮ.

ನೀರಿನ ಕಡೆಯಿಂದ ಗಾಳಿ ಜೋರಾಗಿತ್ತು. ಡ್ರೈವರಕ್ಕ ಒಂದೊಂದೇ ಬಟ್ಟೆಯನ್ನು ಕಲ್ಲಿಗೆ ಬಡಿದು ಹಿಂಡುತ್ತ ಕೂತಳು. ದೂರದ ಬಂಡೆಯ ಮೇಲೆ ಇಬ್ಬರೂ ಗಾಳ ಬಿಟ್ಟುಕೊಂಡು ಕೂತದ್ದು ಕಾಣುತ್ತಿತ್ತು. ಇಬ್ಬರೂ ಕೂತ ಠೀವಿಯಲ್ಲೇ ಗೆದ್ದವರ ಕಳೆ. ಯಾವ ಸದ್ದೂ ಕೇಳಿಸದ್ದಕ್ಕೆ ಇಬ್ಬರೂ ಹಿಗ್ಗಿ ಹೀರೇಕಾಯಿಯಾಗಿದ್ದರು. ಸದ್ದಿಲ್ಲವೆಂದರೆ ಸೋಲಾರ್ ನಡೆಯುತ್ತಿದೆ ಎಂದು ತಮ್ಮನ ಲೆಕ್ಕ. ಸದ್ದಿಲ್ಲವೆಂದರೆ ತನ್ನ ಪೆಟ್ಟಿಗೆಯೊಳಗೆ ಜನರೇಟರು ಇಷ್ಟು ಹೊತ್ತಿಗೆ ಬೆಕ್ಕಿನ ಹಾಗೆ ಮೆಲ್ಲಗೆ ಗುರುಗುಟ್ಟುತ್ತಿದೆ ಎಂದು ಭಾವನ ಲೆಕ್ಕ. ಇದೆಲ್ಲ ಅವಳಿಗೆ ಆಮೇಲೆ ತಿಳಿದದ್ದು.

ಬಿಸಿಲು ನೆತ್ತಿ ದಾಟಿದ ಮೇಲೆ ಒಗೆದ ಬಟ್ಟೆಯ ಬಕೆಟ್ಟನ್ನು ಎತ್ತಿಕೊಂಡು ದಿಬ್ಬ ಹತ್ತಿದಳು. ಗಾಡಿಯ ಹತ್ತಿರ ಬಂದಾಗ ಹೆಜ್ಜೆ ತಾನಾಗಿ ನಿಂತಿತು. ಏನೋ ಇರಲಿಲ್ಲ. ಏನು ಇಲ್ಲವೆಂದು ಮೊದಲು ತಿಳಿಯಲಿಲ್ಲ. ಬಾಗಿಲಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ತಿಳಿಯಿತು. ಎರಡು ವರ್ಷದಿಂದ ಹಗಲೂ ರಾತ್ರಿ ಕಿವಿಯಲ್ಲಿ ತುಂಬಿಕೊಂಡಿದ್ದ ಆ ಗುಂಯ್ ಇರಲಿಲ್ಲ.

ಬಕೆಟ್ಟು ಕೈಯಿಂದ ಜಾರಿ ಒಗೆದ ಬಟ್ಟೆಯೆಲ್ಲ ಮಣ್ಣಿಗೆ ಬಿತ್ತು.

ಅಮ್ಮ ಮಲಗಿದ್ದಳು. ಬೆನ್ನಿನ ದಿಂಬನ್ನು ತಾನೇ ತೆಗೆದು ಪಕ್ಕಕ್ಕಿಟ್ಟು, ನೆಟ್ಟಗೆ ಮಲಗಿದ್ದಳು. ಕನ್ನಡಕವನ್ನು ಮಡಿಚಿ ಕಿಟಕಿಯ ಅಂಚಿಗಿಟ್ಟಿದ್ದಳು. ಹೊದಿಕೆಯಲ್ಲಿ ಒಂದು ಸುಕ್ಕಿರಲಿಲ್ಲ. ಗಂಟೆ ಕೈಯ ಪಕ್ಕದಲ್ಲೇ ಇತ್ತು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತೆ ಕಪ್ಪು-ನೀಲಿಯಾಗಿತ್ತು. ಎದೆ ಮಾತ್ರ ಮೆಲ್ಲಗೆ, ಬಿಟ್ಟು ಬಿಟ್ಟು, ಏರುತ್ತಿತ್ತು.

ಡ್ರೈವರಕ್ಕನಿಗೆ ಕಿರುಚಲೂ ಆಗಲಿಲ್ಲ. ಆದರೆ ಎಷ್ಟಾದರೂ ಬಸ್ಸು ಓಡಿಸುವ ಕೈ. ತಲೆ ನಿಂತುಹೋದರೂ ಕೈ ನಿಲ್ಲುವುದಿಲ್ಲ. ಮಂಚದ ಕೆಳಗಿನಿಂದ ಸಿಲಿಂಡರನ್ನು ಎಳೆದಳು, ನಳಿಗೆಯನ್ನು ಅದಕ್ಕೆ ಸಿಕ್ಕಿಸಿದಳು, ತಿರುಪನ್ನು ತಿರುಗಿಸಿದಳು. ಹಿಸ್ಸೆಂದು ಗಾಳಿ ಬಂತು. ಅಮ್ಮನನ್ನು ಎತ್ತಿ ಎದೆಗೊರಗಿಸಿಕೊಂಡು ಬೆನ್ನು ತಿಕ್ಕುತ್ತ, "ಅಮ್ಮಾ, ಎಳಕೋ, ಎಳಕೊಳ್ಳಮ್ಮಾ" ಎಂದು ಅವಳು ಹೇಳುತ್ತಲೇ ಇದ್ದಳು. ತಾನು ಹೇಳುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ತುಟಿಯ ಬಣ್ಣ ಒಂಚೂರು ತಿಳಿಯಾಯಿತು. ಆಗ ಅವಳು ಬಾಗಿಲಿಗೆ ಬಂದು ಕೂಗಿದ ಕೂಗು ನೀರಿನ ಮೇಲೆಲ್ಲ ಹಾಯ್ದುಹೋಯಿತು. ಬಂಡೆಯ ಮೇಲಿದ್ದ ಇಬ್ಬರೂ ಗಾಳ ಬಿಸಾಕಿ ಎದ್ದರು.

"ಕರೆಂಟಿಲ್ಲ! ಮೆಷಿನ್ ನಿಂತಿದೆ! ಅಮ್ಮ..."

ಇಬ್ಬರೂ ಇಳಿಜಾರು ಹತ್ತಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಹತ್ತಿರ ಬಂದಾಗ ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ. "ಕರೆಂಟು ಕೊಡಿ, ಬೇಗ! ಸಿಲಿಂಡರ್ ಬಹಳ ಹೊತ್ತು ಬರಲ್ಲ" ಎಂದಳು ಡ್ರೈವರಕ್ಕ.

ಆಗ ನಡೆದದ್ದನ್ನು ಅವಳು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಳು. ಕಂಡದ್ದು ಕಣ್ಣಿಗೆ ಹೊಕ್ಕರೂ ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು.

ಜನರೇಟರಿನ ಮನುಷ್ಯನಾದ ಗಂಡ ಬಲಕ್ಕೆ, ತನ್ನ ಪೆಟ್ಟಿಗೆಯ ಕಡೆ ಓಡಬೇಕಿತ್ತು. ಅವನು ಎಡಕ್ಕೆ ಓಡಿದ. ಸೋಲಾರಿನ ಮನುಷ್ಯನಾದ ತಮ್ಮ ಎಡಕ್ಕೆ, ತನ್ನ ಪ್ಯಾನಲ್ ಕಡೆ ಓಡಬೇಕಿತ್ತು. ಅವನು ಬಲಕ್ಕೆ ಓಡಿದ. ಇಬ್ಬರೂ ಗಾಡಿಯ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ತಪ್ಪಿಸಿಕೊಂಡು, ಮತ್ತೆ ಓಡಿದರು. ಗಂಡ ಪ್ಯಾನಲ್‌ಗಳ ಹಿಂದೆ ಬಗ್ಗಿ, ಅಲ್ಲಿದ್ದ ಸ್ವಿಚ್ಚನ್ನು ಹುಡುಕದೆ, ತಡವರಿಸದೆ, ಒಂದೇ ಏಟಿಗೆ ತಿರುಗಿಸಿದ. ತಮ್ಮ ಜನರೇಟರಿನ ಪೆಟ್ಟಿಗೆ ತೆಗೆದು, ಪೆಟ್ರೋಲ್ ನಲ್ಲಿಯನ್ನು ಕಣ್ಣುಮುಚ್ಚಿ ಹಿಡಿದವನಂತೆ ಹಿಡಿದು ತೆರೆದು, ಬಟನ್ ಒತ್ತಿದ. ಎಂಜಿನ್ನು ಕೆಮ್ಮಿ, ಕೆಮ್ಮಿ, ಹತ್ತಿಕೊಂಡಿತು.

ಒಳಗೆ ಅಮ್ಮನ ಮೆಷಿನ್ನು ಗುಂಯ್ ಎನ್ನಲಿಲ್ಲ. ಡ್ರೈವರಕ್ಕ ತಿರುಗಿ ನೋಡಿದಳು. ಪ್ಲಗ್ಗಿಗೆ ಕರೆಂಟು ಬಂದಿತ್ತು. ಆದರೆ ಮೆಷಿನ್ನಿನ ಸ್ವಿಚ್ಚೇ ಆಫ್ ಆಗಿತ್ತು. ಅದನ್ನು ಒತ್ತಿದ ಮೇಲೆ ಮೆಷಿನ್ನು ನಡೆಯಿತು. ಅವಳು ನಳಿಗೆಯನ್ನು ಮತ್ತೆ ಮೆಷಿನ್ನಿಗೆ ಸಿಕ್ಕಿಸಿ, ಅಮ್ಮನ ಬೆರಳ ತುದಿಗಳನ್ನು ಉಜ್ಜುತ್ತ ಕೂತಳು.

ಇಬ್ಬರೂ ಬಾಗಿಲಲ್ಲಿ ಬಂದು ನಿಂತರು, ಒಳಗೆ ಕಾಲಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ನೀವ್ಯಾಕ್ರೀ ಆ ಕಡೆ ಓಡಿದ್ರಿ?" ಎಂದು ಅವಳು ಗಂಡನನ್ನು ಕೇಳಿದಳು. ಸ್ವರ ಏರಿರಲಿಲ್ಲ. ಏರಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಆಮೇಲೆ ತಮ್ಮನ ಕಡೆ ತಿರುಗಿ, "ನೀನು ಯಾಕೋ ಈ ಕಡೆ ಓಡಿದೆ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನೇ ಇರುತ್ತಾನೆ. ಇಲ್ಲಿ ಇಬ್ಬರಿದ್ದರು. ಗಂಡ ತಮ್ಮನ ಮುಖ ನೋಡಿದ, ತಮ್ಮ ಭಾವನ ಮುಖ ನೋಡಿದ. ಒಬ್ಬನಿಗೆ ಇನ್ನೊಬ್ಬ ಮಾಡಿದ್ದು ತಿಳಿದದ್ದು ಆ ಕ್ಷಣದಲ್ಲಿ.

"ನಿನ್ನ ಸೋಲಾರ್ ನಿಂತ್ರೂ ನನ್ನದು ಶುರುವಾಗತ್ತೆ ಅಂತ..." ಎಂದ ಗಂಡ. "ಬೆಳಿಗ್ಗೆ ಪ್ಯಾನಲ್ ಸ್ವಿಚ್ ತೆಗೆದುಬಿಟ್ಟೆ. ಬ್ಯಾಟರಿ ಮಧ್ಯಾಹ್ನಕ್ಕೆ ಇಳಿಯತ್ತೆ, ಆಗ ನನ್ನ ಜನರೇಟರ್ ತಾನಾಗೇ ಹಿಡಿಯತ್ತೆ, ಎಲ್ಲರೂ ನೋಡ್ಲಿ ಅಂತ. ಅಷ್ಟೇ. ದೇವರಾಣೆ ಅಷ್ಟೇ ಕಣೇ."

"ನಾನು ಅದಕ್ಕೂ ಮುಂಚೆ, ಎದ್ದ ತಕ್ಷಣ ನಲ್ಲಿ ಮುಚ್ಚಿದ್ದೆ" ಎಂದ ತಮ್ಮ. ಅವನ ದನಿ ಸಣ್ಣ ಹುಡುಗನದಾಗಿತ್ತು. "ನಿನ್ನೆ ನೀವು, ನಾಳೆ ಸಂಜೆ ಶುರು ಮಾಡಿ ತೋರಿಸ್ತೀನಿ ಅಂದಿದ್ರಲ್ಲ ಭಾವ. ಎಲ್ಲರ ಮುಂದೆ ಅದು ಕೆಮ್ಮಿ ಸಾಯ್ಲಿ ಅಂತ. ನನ್ನ ಬ್ಯಾಟರಿ ಇದ್ದೇ ಇದೆಯಲ್ಲ, ಅಮ್ಮನಿಗೇನೂ ಆಗಲ್ಲ ಅಂತ."

ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಆ ಭರವಸೆಯ ಮೇಲೆಯೇ ಇಬ್ಬರೂ ಈ ಕೆಲಸ ಮಾಡಿದ್ದರು. ಇಬ್ಬರಲ್ಲಿ ಒಬ್ಬ ಕಳ್ಳನಾಗಿದ್ದರೆ ಅಮ್ಮನಿಗೆ ಏನೂ ಆಗುತ್ತಿರಲಿಲ್ಲ. ಇಷ್ಟು ವರ್ಷ ಬಸ್ಸಿನ ಮಕ್ಕಳ ಎಷ್ಟೋ ಕಿತಾಪತಿ ನೋಡಿದ್ದ ಡ್ರೈವರಕ್ಕನಿಗೆ, ಎದುರಿಗೆ ನಿಂತ ಈ ಎರಡು ಮೀಸೆಗಳನ್ನು ಬೈಯಲು ಒಂದು ಬೈಗುಳವೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅಮ್ಮ ಕಣ್ಣು ಬಿಟ್ಟಳು. ಗಾಡಿಯ ಚಾವಣಿಯನ್ನು ನೋಡಿದಳು, ಮಗಳನ್ನು ನೋಡಿದಳು. ಎಚ್ಚರವಾದದ್ದು ಅವಳಿಗೆ ಆಶ್ಚರ್ಯವಾದಂತಿತ್ತು.

"ಅಮ್ಮಾ, ಯಾಕಮ್ಮ ಗಂಟೆ ಅಲ್ಲಾಡಿಸ್ಲಿಲ್ಲ? ಮೆಷಿನ್ ನಿಂತಾಗ ಕೂಗ್ಕೊಳತ್ತಲ್ಲ, ಕೇಳಿಸ್ಲಿಲ್ವಾ?"

"ಕೂಗ್ಕೊಂಡ್ತು." ಅಮ್ಮ ಒಂದೊಂದೇ ಮಾತನ್ನು ಉಸಿರಿಗೆ ಪೋಣಿಸಿದಳು. "ಪೀಂ ಪೀಂ ಅಂತ. ನೀನು ಗಾಬರಿ ಬೀಳ್ತೀಯ ಅಂತ ನಾನೇ ಸ್ವಿಚ್ ಆರಿಸ್ದೆ."

ಡ್ರೈವರಕ್ಕನ ಕೈ ಅಲ್ಲೇ ನಿಂತಿತು. "ನೀನೇ ಆರಿಸಿದ್ಯಾ?"

"ಬೆಳಿಗ್ಗೆ ನೋಡ್ದೆನಲ್ಲಮ್ಮ." ಅಮ್ಮ ಬಲಗಡೆಯ ಕಿಟಕಿಯ ಕಡೆ ಕಣ್ಣು ತಿರುಗಿಸಿದಳು. "ಮೊದ್ಲು ಇವನು ಬಂದ. ಅತ್ತಿತ್ತ ನೋಡಿ ಪೆಟ್ಟಿಗೆಯೊಳಗೆ ಕೈ ಹಾಕಿ ಏನೋ ಮುಚ್ದ. ಆಮೇಲೆ ಈ ಕಡೆ ಅಳಿಯಂದಿರು ಬಂದ್ರು. ಅವರೂ ಕಳ್ಳರ ಹಾಗೆ ನೋಡಿ ಸ್ವಿಚ್ ತೆಗೆದ್ರು. ನನಗೆ ಮೊದ್ಲು ಅರ್ಥ ಆಗ್ಲಿಲ್ಲ. ಆಮೇಲೆ ಇಬ್ರೂ ಹೆಗಲ ಮೇಲೆ ಕೈ ಹಾಕ್ಕೊಂಡು ಹೊರಟ್ರಲ್ಲ, ಆಗ ತಿಳೀತು."

"ಏನಮ್ಮ ತಿಳೀತು?" ಎಂದ ತಮ್ಮ. ಕೇಳಬಾರದಿತ್ತು.

"ಸಕ್ಕರೆ ಎಷ್ಟು ಅನ್ನೋದಕ್ಕೂ ಒಪ್ಪದೇ ಇರೋ ಇಬ್ರು ಒಂದೇ ದಿನ, ಒಂದೇ ಕೆಲಸ ಮಾಡಿದ್ದಾರೆ ಅಂದ್ರೆ, ಕೂತು ಮಾತಾಡಿ ಒಪ್ಪಿಯೇ ಮಾಡಿರ್ಬೇಕು ಅಂದ್ಕೊಂಡೆ. ಇಷ್ಟು ದೂರ ಕರ್ಕೊಂಡು ಬಂದ್ರಿ, ನೀರು ತೋರಿಸಿದ್ರಿ. ಇನ್ನೇನು ಬೇಕು? ಎಷ್ಟು ದಿನ ಅಂತ ನೋಡ್ಕೊಳ್ತೀರ, ನೀವೂ ಮನುಷ್ಯರೇ ಅಲ್ವಾ? ಇಬ್ರೂ ಒಪ್ಪಿದ್ದಾರೆ ಅಂದ್ಮೇಲೆ ಸರಿಯಾಗೇ ಇರ್ಬೇಕು ಅಂತ ಸುಮ್ಮನೆ ಮಲಗಿದೆ."

ಗುಡುಗುಡಿ ಎಂದು ಹೆಸರಾಗಿದ್ದ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕೂತ. ತಮ್ಮ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅಮ್ಮ ಮಗಳ ಕಡೆ ತಿರುಗಿದಳು. "ನಿನಗೆ ಹೇಳಿರ್ಲಿಲ್ವಾ ಇವರು? ನಾನು ನೀನೂ ಸೇರಿದ್ದೀಯ ಅಂತಿದ್ದೆ. ಜಡೆ ಹಾಕಿ, ಗಂಟೆ ಕೊಟ್ಟು ಹೋದ್ಯಲ್ಲ. ಪಾಪ, ಎದುರಿಗೆ ಇರೋಕೆ ಆಗಲ್ಲ ಹುಡುಗಿಗೆ, ಅದಕ್ಕೆ ಬಟ್ಟೆ ನೆಪ ಮಾಡ್ಕೊಂಡು ಹೋದ್ಲು ಅಂದ್ಕೊಂಡೆ. ಅದಕ್ಕೇ ನಿಧಾನವಾಗಿ ಬಾ ಅಂದದ್ದು."

ಡ್ರೈವರಕ್ಕ ತನ್ನ ಅಂಗೈ ನೋಡಿಕೊಂಡಳು. ಬೆಳಿಗ್ಗೆ ಅಮ್ಮ ಅವಳ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡದ್ದು ಮಗಳಿಗೆ ಹೇಳಿದ ವಿದಾಯ. ಮಗಳು ಕೊಲ್ಲಲು ಒಪ್ಪಿದ್ದಾಳೆಂದು ತಿಳಿದೂ ಆ ಕೈಯನ್ನು ಹಿಡಿದುಕೊಂಡಿದ್ದಳು.

"ಅಲ್ಲಮ್ಮಾ! ಅಯ್ಯೋ, ಹಾಗಲ್ಲಮ್ಮಾ! ಇವರು ಪಂದ್ಯ ಕಟ್ಟಿದ್ರು. ಯಾರ ಕರೆಂಟು ಮೇಲು ಅಂತ ಪಂದ್ಯ. ಇವರು ಅವನದ್ದು ಕೆಡಿಸಿದ್ರು, ಅವನು ಇವರದ್ದು ಕೆಡಿಸ್ದ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತೇ ಇರ್ಲಿಲ್ಲ. ಬರೀ ಪಂದ್ಯಕ್ಕಮ್ಮಾ!"

"ಹೌದತ್ತೆ" ಎಂದ ಅಳಿಯ. "ನಿಮ್ಮ ಕಾಲು ಹಿಡ್ಕೊತೀನಿ. ಬರೀ ಪಂದ್ಯ. ನಾನು ಮೂರ್ಖ, ಅತ್ತೆ."

"ನಾನೂ ಅಮ್ಮಾ" ಎಂದ ಮಗ. "ಸೋಲಬಾರ್ದು ಅಂತ ಅಷ್ಟೇ. ಸತ್ಯವಾಗ್ಲೂ ಅಷ್ಟೇ."

ಅಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಮಕ್ಕಳು ಶಾಲೆಗೆ ಚಕ್ಕರ್ ಹಾಕಿ ಬಂದು ಹೊಟ್ಟೆನೋವು ಎಂದಾಗ ಅವಳು ಹಾಗೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ. ಸಣ್ಣ ನಗೆಯೊಂದಿತ್ತು.

"ಪಂದ್ಯಕ್ಕೆ ಯಾರಾದ್ರೂ ಹಾಗೆ ಮಾಡ್ತಾರಾ?" ಎಂದಳು. "ಅಷ್ಟು ದಡ್ಡರೇನಲ್ಲ ನನ್ನ ಮಕ್ಕಳು. ಇರ್ಲಿ ಬಿಡಿ, ನಾನೇನೂ ತಪ್ಪು ತಿಳ್ಕೊಂಡಿಲ್ಲ."

"ಅಮ್ಮಾ, ನಂಬಮ್ಮಾ..."

"ಆಯ್ತು, ನಂಬ್ದೆ" ಎಂದಳು ಅಮ್ಮ, ಅಳುವ ಮಗುವನ್ನು ಸುಮ್ಮನಾಗಿಸುವ ದನಿಯಲ್ಲಿ. ಮಗಳ ಕೈಯನ್ನು ಮೆಲ್ಲಗೆ ತಟ್ಟಿದಳು. "ನೀವು ಯಾರೂ ಬೇಜಾರು ಮಾಡ್ಕೋಬೇಡಿ."